ಹೆಲ್ಸಿಂಕಿಯಿಂದ ಟೋಕಿಯೊಗೆ ಎಷ್ಟು ಹೊತ್ತು?

ಫಿನ್ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೊಗೆ ನೇರ ಅಳತೆಯಲ್ಲಿ ಸುಮಾರು 7,800 ಕಿಲೋಮೀಟರ್. 2022ರ ಫೆಬ್ರವರಿಯವರೆಗೆ ಹೆಲ್ಸಿಂಕಿಯಲ್ಲಿ ಹತ್ತಿದವರು ಒಂಬತ್ತೂವರೆ ಗಂಟೆಯೊಳಗೆ ಟೋಕಿಯೊದಲ್ಲಿ ಇಳಿಯುತ್ತಿದ್ದರು. ಮಾರ್ಚ್‌ನಿಂದ ಅದೇ ಪ್ರಯಾಣಕ್ಕೆ ಹದಿಮೂರು ಗಂಟೆ ಬೇಕಾಯಿತು. ಊರುಗಳು ಇದ್ದಲ್ಲೇ ಇವೆ. ವಿಮಾನವೂ ಅದೇ ಏರ್‌ಬಸ್ ಎ350. ನಡುವಿನ ಆಕಾಶಕ್ಕೆ ಬಾಗಿಲು ಬಿತ್ತು, ಅಷ್ಟೇ.

ದೂರದ ಎರಡು ಊರುಗಳ ಮಾತು ಬಂದಾಗ ನಾವು ಮೊದಲು ಎಷ್ಟು ದೂರ ಅಂತ ಕೇಳುತ್ತೇವೆ. ಆಮೇಲೆ ಎಷ್ಟು ಹೊತ್ತು ಅಂತ ಕೇಳುತ್ತೇವೆ. ಕಿಲೋಮೀಟರನ್ನು ವಿಮಾನದ ವೇಗದಿಂದ ಭಾಗಿಸಿದರೆ ಹೊತ್ತು ಸಿಗುತ್ತದೆ ಅನ್ನುವುದು ನಮ್ಮ ನಂಬಿಕೆ. ದೊಡ್ಡ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಓಡುತ್ತದೆ, ಹಾಗಾದರೆ 9,000 ಕಿ.ಮೀ.ಗೆ ಹತ್ತು ಗಂಟೆ. ಲೆಕ್ಕ ಸುಲಭ. ಆದರೆ ದೂರದ ಪ್ರಯಾಣದಲ್ಲಿ ಈ ಲೆಕ್ಕ ಮತ್ತೆ ಮತ್ತೆ ಕೈಕೊಡುತ್ತದೆ. ಎಷ್ಟು ಹೊತ್ತು ಅನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಎರಡು ಸಂಗತಿಗಳು: ಆ ದಿನದ ಗಾಳಿ, ಮತ್ತು ಯಾರ ನೆಲದ ಮೇಲೆ ಹಾರಲು ಅನುಮತಿ ಇದೆ ಅನ್ನುವುದು. ಗಾಳಿಯ ವಿಷಯ ಪೈಲಟ್‌ಗಳಿಗೆ ಹಳೆಯದು. ಅನುಮತಿಯ ವಿಷಯ ಮಾತ್ರ ಕಳೆದ ಕೆಲವು ವರ್ಷಗಳಲ್ಲಿ ತುಂಬಾ ಕೆಟ್ಟಿದೆ. ಅದರ ಭಾರ ಹೊರುತ್ತಿರುವುದು ಸೀಟಿನಲ್ಲಿ ಕೂತವರು. ಟಿಕೆಟ್ಟಿನ ಮೇಲೆ ಈ ಕಾರಣ ಎಲ್ಲೂ ಬರೆದಿರುವುದಿಲ್ಲ. ಅದಕ್ಕೇ ಇಷ್ಟು ಬರೆಯಬೇಕೆನಿಸಿತು.

ಮೊದಲು ದೂರದ ವಿಷಯ. ಮನೆಯಲ್ಲಿ ಒಂದು ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ದೆಹಲಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಜಾರಿ ಮೇಲಕ್ಕೆ ಹೋಗುತ್ತದೆ. ರಷ್ಯಾ ದಾಟಿ, ಉತ್ತರ ಧ್ರುವದ ಪಕ್ಕದಲ್ಲೇ ಹಾದು, ಮತ್ತೆ ಕೆಳಗಿಳಿಯುತ್ತದೆ. ಗೋಡೆಯ ಮೇಲಿನ ನಕ್ಷೆಯಲ್ಲಿ ಇವೆರಡರ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅಡ್ಡಡ್ಡ ಹೋಗುತ್ತದೆ, ಧ್ರುವದ ಹತ್ತಿರಕ್ಕೂ ಬರುವುದಿಲ್ಲ. ನಮ್ಮ ಕಣ್ಣಿಗೆ ಅಭ್ಯಾಸವಾಗಿರುವುದು ಮರ್ಕೇಟರ್ ಎಂಬ ನಕ್ಷೆಗಾರ 1569ರಲ್ಲಿ ಹಡಗಿನವರಿಗಾಗಿ ಮಾಡಿದ ನಕ್ಷೆಯ ಮಾದರಿ. ಅದರಲ್ಲಿ ಧ್ರುವದ ಕಡೆಯ ನೆಲವೆಲ್ಲ ಹಿಗ್ಗಿ ಕಾಣುತ್ತದೆ. ಗ್ರೀನ್‌ಲೆಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವುದು ಅದಕ್ಕೇ. ನಿಜದಲ್ಲಿ ಆಫ್ರಿಕಾ ಅದರ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು.

ದಾರ ತೋರಿಸುವ ದಾರಿಗೆ ಮಹಾವೃತ್ತದ ದಾರಿ ಅನ್ನುತ್ತಾರೆ. ಗೋಳದ ಮೇಲೆ ಎರಡು ಜಾಗಗಳ ನಡುವೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದ್ದರಿಂದ ಯಾವ ಎರಡು ಊರುಗಳೂ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲಾರವು. ಯಾವುದೇ ಎರಡು ಊರುಗಳ ವಿಮಾನ ದೂರ ಹುಡುಕಿದಾಗ ನಮಗೆ ಸಿಗುವ ಸಂಖ್ಯೆ ಈ ದಾರದ ಉದ್ದವೇ. ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊಗೆ ಅದು ಸುಮಾರು 12,400 ಕಿ.ಮೀ.

ಈಗ ಅದೇ ದಾರಿಯಲ್ಲಿ ನಡೆದದ್ದನ್ನು ನೋಡಿ. ಏರ್ ಇಂಡಿಯಾ ಮೊದಲು ಸ್ಯಾನ್ ಫ್ರಾನ್ಸಿಸ್ಕೊಗೆ ಪಶ್ಚಿಮಕ್ಕೆ ಹೊರಟು ಅಟ್ಲಾಂಟಿಕ್ ಮೇಲೆ ಹೋಗುತ್ತಿತ್ತು. ಸುಮಾರು 13,900 ಕಿ.ಮೀ. ಹಾರಾಟ. 2016ರ ಅಕ್ಟೋಬರ್‌ನಲ್ಲಿ ದಿಕ್ಕು ಬದಲಾಯಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹೊರಟಿತು. ದಾರಿ 15,300 ಕಿ.ಮೀ. ಆಯಿತು. ಅಂದರೆ 1,400 ಕಿ.ಮೀ. ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ, ಮೊದಲಿಗಿಂತ ಎರಡು ಗಂಟೆಯಷ್ಟು ಬೇಗ ತಲುಪಿತು! ವಾಪಸು ಬರುವಾಗಲೂ ಪೂರ್ವಕ್ಕೇ ಹಾರಿ, ಅಟ್ಲಾಂಟಿಕ್ ದಾಟಿ ಮನೆ ಸೇರುತ್ತಿತ್ತು. ಹೋಗಿ ಬರುವಷ್ಟರಲ್ಲಿ ಭೂಮಿಯನ್ನೇ ಒಂದು ಸುತ್ತು ಹಾಕಿದಂತಾಗುತ್ತಿತ್ತು.

ದಾರಿ ಉದ್ದವಾದರೂ ಹೊತ್ತು ಉಳಿಯಿತು. ಕಾರಣ ಗಾಳಿ.

ಭೂಮಿಯಿಂದ ಹತ್ತು ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ, ಜೆಟ್ ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ನದಿಗಳು ಹರಿಯುತ್ತವೆ. ಇವೇ ಜೆಟ್ ಸ್ಟ್ರೀಮ್. ಭೂಮಧ್ಯ ರೇಖೆಯ ಕಡೆಯ ಬಿಸಿಗಾಳಿಗೂ ಧ್ರುವದ ಕಡೆಯ ತಣ್ಣನೆ ಗಾಳಿಗೂ ಇರುವ ವ್ಯತ್ಯಾಸವೇ ಇವಕ್ಕೆ ಮೂಲ. ಭೂಮಿ ತಿರುಗುವುದರಿಂದ ಇವು ಪೂರ್ವಕ್ಕೆ ಬಾಗುತ್ತವೆ. ಚಳಿಗಾಲದಲ್ಲಿ ಆ ವ್ಯತ್ಯಾಸ ಹೆಚ್ಚು, ಗಾಳಿಯೂ ಜೋರು. ಕೆಲವು ಸಲ ಗಂಟೆಗೆ 400 ಕಿ.ಮೀ. ದಾಟುತ್ತದೆ. ಇದನ್ನು ಮೊದಲು ಅಳೆದವರಲ್ಲಿ ಜಪಾನಿನ ಹವಾಮಾನ ತಜ್ಞ ವಾಸಾಬುರೊ ಓಯಿಶಿ ಒಬ್ಬರು. 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಸಾಗುವುದನ್ನು ದೂರದರ್ಶಕದಲ್ಲಿ ನೋಡುತ್ತಾ ಲೆಕ್ಕ ಬರೆದರು. ಇಡೀ ಜಗತ್ತಿಗೆ ಗೊತ್ತಾಗಲಿ ಅಂತ ಆ ವರದಿಯನ್ನು, ಎಲ್ಲ ದೇಶದವರಿಗೂ ಒಂದೇ ಅಂತ ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಓದಿದವರು ತೀರಾ ಕಡಿಮೆ. 1944ರಲ್ಲಿ ಅಮೆರಿಕದ ಬಿ–29 ಬಾಂಬರ್‌ಗಳು ಜಪಾನಿನ ಮೇಲೆ ಅಷ್ಟು ಎತ್ತರದಲ್ಲಿ ಹಾರಿ ಈ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು. ಎಷ್ಟೋ ವರ್ಷ ಮೊದಲೇ ಅಳೆದಿಟ್ಟಿದ್ದ ಗಾಳಿ ಅದು. ಆ ಮನುಷ್ಯನನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಾನು ದೂರದ ವಿಮಾನ ಹತ್ತಿದರೆ ಸಿನಿಮಾ ನೋಡುವುದಿಲ್ಲ, ಮುಂದಿನ ಸೀಟಿನ ಬೆನ್ನಿನಲ್ಲಿರುವ ಪರದೆಯಲ್ಲಿ ನಕ್ಷೆ ಹಾಕಿಕೊಂಡು ಕೂರುತ್ತೇನೆ. ಪುಟ್ಟ ವಿಮಾನದ ಚಿತ್ರ, ಕೆಳಗೆ ಎತ್ತರ, ಹೊರಗಿನ ಚಳಿ, ನೆಲದ ಲೆಕ್ಕದ ವೇಗ. ಒಮ್ಮೆ ಪೂರ್ವಕ್ಕೆ ಹೋಗುವಾಗ ಆ ವೇಗ 1,080 ಅಂತ ತೋರಿಸುತ್ತಿತ್ತು. ವಾಪಸು ಬರುವಾಗ, ಅದೇ ಮಾದರಿಯ ವಿಮಾನದಲ್ಲಿ, 790ರ ಮೇಲೆ ಏರಲೇ ಇಲ್ಲ. ಎಂಜಿನ್ನಿನ ಸದ್ದು ಎರಡೂ ಸಲ ಒಂದೇ ಥರ ಇತ್ತು. ವಿಮಾನ ತನ್ನ ಸುತ್ತಲಿನ ಗಾಳಿಯೊಳಗೆ ಎರಡೂ ಸಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುತ್ತಿತ್ತು. ಗಾಳಿ ಒಮ್ಮೆ ಅದನ್ನು ಹೊತ್ತುಕೊಂಡು ಹೋಯಿತು, ಇನ್ನೊಮ್ಮೆ ಹಿಂದಕ್ಕೆ ತಳ್ಳಿತು.

2020ರ ಫೆಬ್ರವರಿಯಲ್ಲಿ, ಕಿಯಾರಾ ಎಂಬ ಬಿರುಗಾಳಿಯ ಹೊತ್ತಿನಲ್ಲಿ, ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗವನ್ನೇ ಮೀರಿತೇ ಅಂತ ಆಗ ಹಲವರು ಕೇಳಿದರು. ಇಲ್ಲ. ಓಡುವ ರೈಲಿನೊಳಗೆ ನಡೆಯುವವನ ಹಾಗೆ ಅದು. ಅವನ ಕಾಲು ಎಂದಿನಂತೆಯೇ ಹೆಜ್ಜೆ ಹಾಕುತ್ತದೆ, ಓಟವೆಲ್ಲ ರೈಲಿನದು.

ಹಾಗಾದರೆ ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಬರುತ್ತದೆ, ಸಮ ಆಯಿತು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದಾಗ ಬೇರೆ ಉತ್ತರ ಬಂತು. ನ್ಯೂಯಾರ್ಕ್–ಲಂಡನ್ 5,540 ಕಿ.ಮೀ. ವಿಮಾನದ ವೇಗ 900, ಗಾಳಿ 150 ಅಂತಿಟ್ಟುಕೊಳ್ಳಿ. ಗಾಳಿಯ ಜೊತೆ 1,050ರ ವೇಗದಲ್ಲಿ 5 ಗಂಟೆ 17 ನಿಮಿಷ. ಗಾಳಿಗೆ ಎದುರಾಗಿ 750ರ ವೇಗದಲ್ಲಿ 7 ಗಂಟೆ 23 ನಿಮಿಷ. ಒಟ್ಟು 12 ಗಂಟೆ 40 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿ ಬರಲು 12 ಗಂಟೆ 19 ನಿಮಿಷ ಸಾಕಿತ್ತು. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತೇವೆ, ಅದಕ್ಕೇ ಈ ನಷ್ಟ. ಎರಡೂ ಕಡೆ ಒಂದೇ ದಾರಿ ಹಿಡಿದರೆ ಗಾಳಿ ಒಟ್ಟಾರೆ ಹೊತ್ತನ್ನು ತಿಂದೇ ತಿನ್ನುತ್ತದೆ. ಅದನ್ನು ತಪ್ಪಿಸಲೆಂದೇ ಉತ್ತರ ಅಟ್ಲಾಂಟಿಕ್ ಮೇಲಿನ ಆಕಾಶದಾರಿಗಳನ್ನು ಪ್ರತಿದಿನ ಹೊಸದಾಗಿ ಎಳೆಯುತ್ತಾರೆ. ಪೂರ್ವಕ್ಕೆ ಹೋಗುವವರಿಗೆ ಗಾಳಿಯ ನಡುಮಧ್ಯೆ, ಪಶ್ಚಿಮಕ್ಕೆ ಹೋಗುವವರಿಗೆ ಅದರಿಂದ ಆದಷ್ಟು ದೂರ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯ ಮಾತೂ ಹೇಳಬೇಕು. ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ಹಾಗಿದ್ದರೆ ಪಶ್ಚಿಮಕ್ಕೆ ಹಾರುವ ವಿಮಾನಕ್ಕೆ ಊರು ತಾನಾಗೇ ಹತ್ತಿರ ಬರಬೇಕಲ್ಲ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಭೂಮಧ್ಯ ರೇಖೆಯಲ್ಲಿ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ತಿರುಗುತ್ತಿದೆ ನಿಜ. ಆದರೆ ಗಾಳಿಯೂ ಅದರ ಜೊತೆಗೇ ತಿರುಗುತ್ತಿದೆ. ರನ್‌ವೇಯಲ್ಲಿ ನಿಂತ ವಿಮಾನವೂ ತಿರುಗುತ್ತಿದೆ. ಮೇಲೇರಿದ ಕೂಡಲೇ ಅದು ಆ ತಿರುಗಾಟದಿಂದ ಕಳಚಿಕೊಳ್ಳುವುದಿಲ್ಲ.

ಗಾಳಿಯನ್ನು ಯಾರೂ ದೂರಲಾರರು. ಮುಚ್ಚಿದ ಆಕಾಶದ ಕಥೆ ಹಾಗಲ್ಲ, ಅದನ್ನು ಮುಚ್ಚಿದವರು ಮನುಷ್ಯರು.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಯುರೋಪಿನ ದೇಶಗಳು ತಮ್ಮ ಆಕಾಶವನ್ನು ರಷ್ಯಾದ ವಿಮಾನಗಳಿಗೆ ಮುಚ್ಚಿದವು. ಫೆಬ್ರವರಿ 28ರಂದು ರಷ್ಯಾ 36 ದೇಶಗಳ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಯುರೋಪಿನಿಂದ ಜಪಾನ್, ಕೊರಿಯಾ, ಚೀನಾಗಳ ಕಡೆಗೆ ದಾರ ಎಳೆದು ನೋಡಿ, ಅದು ಬೀಳುವುದು ಸೈಬೀರಿಯಾದ ಮೇಲೆ. ಆ ದಾರಿ ಹೋದ ಮೇಲೆ ಉಳಿದದ್ದು ಎರಡು. ಒಂದು ದಕ್ಷಿಣಕ್ಕೆ ಇಳಿದು ಟರ್ಕಿ, ಕಾಕಸಸ್, ಕಝಾಕಿಸ್ತಾನ್ ಕಡೆಯ ಕಿರಿದಾದ ಓಣಿಯಲ್ಲಿ ನುಸುಳುವುದು. ಇನ್ನೊಂದು ಉತ್ತರ ಧ್ರುವದ ಮೇಲೆ ಹತ್ತಿ, ಅಲಾಸ್ಕಾ ಪಕ್ಕದಲ್ಲಿ ಹಾದು ಜಪಾನ್ ಸೇರುವುದು. ಹೆಲ್ಸಿಂಕಿಯ ವಿಮಾನಗಳು ಎರಡನ್ನೂ ಹಿಡಿದವು. ಯಾವುದರಲ್ಲಿ ಹೋದರೂ ಹದಿಮೂರು ಗಂಟೆಯ ಆಸುಪಾಸು. ಧ್ರುವದ ಮೇಲೆ ಹಾದ ಪ್ರಯಾಣಿಕರಿಗೆ ಫಿನ್ಲೆಂಡಿನ ವಿಮಾನ ಕಂಪನಿ ಫಿನ್‌ಏರ್ ಒಂದು ಪ್ರಮಾಣಪತ್ರ ಕೊಟ್ಟಿತು.

ಹದಿಮೂರು ಗಂಟೆ ಅನ್ನುವ ಸಂಖ್ಯೆ ಹಳಬರಿಗೆ ಪರಿಚಿತ. 1983ರಲ್ಲಿ ಇದೇ ಫಿನ್‌ಏರ್ ಹೆಲ್ಸಿಂಕಿಯಿಂದ ಟೋಕಿಯೊಗೆ ಎಲ್ಲೂ ನಿಲ್ಲದ ವಿಮಾನ ಶುರುಮಾಡಿದಾಗಲೂ ಸೋವಿಯತ್ ಆಕಾಶ ಮುಚ್ಚಿತ್ತು. ಆಗಲೂ ಧ್ರುವದ ಮೇಲಿನ ದಾರಿ, ಆಗಲೂ ಸುಮಾರು ಹದಿಮೂರು ಗಂಟೆ. ಬೇರೆ ಕಂಪನಿಗಳು ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಮುಂದೆ ಹೋಗುತ್ತಿದ್ದವು. ಸೋವಿಯತ್ ಆಕಾಶ ತೆರೆದ ಮೇಲೆ ಆಂಕರೇಜ್‌ನಲ್ಲಿ ಪ್ರಯಾಣಿಕರ ಗದ್ದಲ ಇಳಿಯಿತು. ಒಂದು ತಲೆಮಾರು ಸೈಬೀರಿಯಾದ ದಾರಿಯಲ್ಲೇ ಓಡಾಡಿ, ಅದು ಸದಾ ಇರುತ್ತದೆ ಅಂತ ನಂಬಿತು. ನಾಲ್ಕು ದಶಕ ಕಳೆದು ಹೊತ್ತಿನ ಲೆಕ್ಕ ಮತ್ತೆ ಅಲ್ಲಿಗೇ ಬಂದು ನಿಂತಿದೆ.

ಮೂರೂವರೆ ಗಂಟೆ ಜಾಸ್ತಿ ಕೂರುವುದಷ್ಟೇ ತೊಂದರೆ ಅಂದುಕೊಳ್ಳಬೇಡಿ. ವಿಮಾನ ಕಂಪನಿಯ ಲೆಕ್ಕದಲ್ಲಿ ಇದು ದೊಡ್ಡ ಪೆಟ್ಟು. ಒಂಬತ್ತೂವರೆ ಗಂಟೆಯಾದರೆ ಹೋಗಿ ಬರಲು ಹತ್ತೊಂಬತ್ತು. ನಡುವೆ ಶುಚಿ ಮಾಡಲು, ಇಂಧನ ತುಂಬಿಸಲು ಕೆಲವು ಗಂಟೆ ಸೇರಿಸಿದರೂ ಇಪ್ಪತ್ನಾಲ್ಕರೊಳಗೆ ಮುಗಿಯುತ್ತದೆ. ಅಂದರೆ ದಿನಕ್ಕೊಂದು ಹಾರಾಟಕ್ಕೆ ಒಂದೇ ವಿಮಾನ ಸಾಕು. ಹದಿಮೂರಾದರೆ ಹಾರಾಟವೇ ಇಪ್ಪತ್ತಾರು ಗಂಟೆ. ಅದೇ ದಿನಚರಿಗೆ ಒಂದು ವಿಮಾನ ಸಾಲುವುದಿಲ್ಲ. ಪೈಲಟ್‌ಗಳು ಕೆಲಸ ಮಾಡಬಹುದಾದ ಗಂಟೆಗಳಿಗೆ ಮಿತಿ ಇರುವುದರಿಂದ ಹೆಚ್ಚಿನ ಪೈಲಟ್‌ಗಳೂ ಬೇಕು. ಇಂಧನದ ಖರ್ಚು ಬೇರೆ. ಏಷ್ಯಾಕ್ಕೆ ಹತ್ತಿರದ ದಾರಿ ನಮ್ಮದೇ ಅಂತ ಹೇಳಿಕೊಂಡು ಬೆಳೆದ ಕಂಪನಿಗೆ ಆ ಬುಡವೇ ಹೋಯಿತು.

ಎಲ್ಲರಿಗೂ ಇದೇ ಪಾಡು ಅಂತಲೂ ಇಲ್ಲ. ಚೀನಾದ ಕಂಪನಿಗಳಿಗೆ ರಷ್ಯಾದ ಆಕಾಶ ತೆರೆದೇ ಇದೆ. ಹಾಗಾಗಿ ಬೀಜಿಂಗ್–ಲಂಡನ್ ಎಷ್ಟು ಹೊತ್ತು ಅನ್ನುವ ಪ್ರಶ್ನೆಗೆ ಆಮೇಲೆ ಎರಡು ಉತ್ತರ ಇದ್ದವು. ವಿಮಾನದ ಬಾಲದ ಮೇಲೆ ಯಾವ ದೇಶದ ಗುರುತಿದೆ ಅನ್ನುವುದನ್ನು ನೋಡಿ ಹೇಳಬೇಕಿತ್ತು. ಬ್ರಿಟಿಷ್ ಏರ್‌ವೇಸ್ 2024ರ ಅಕ್ಟೋಬರ್‌ನಲ್ಲಿ ತನ್ನ ಲಂಡನ್–ಬೀಜಿಂಗ್ ಹಾರಾಟ ನಿಲ್ಲಿಸಿತು. ಅದೇ ತಿಂಗಳು ವರ್ಜಿನ್ ಅಟ್ಲಾಂಟಿಕ್ ಶಾಂಘೈ ಬಿಟ್ಟಿತು. ಎರಡು ನಗರಗಳ ನಡುವಿನ ಹೊತ್ತು ಪಾಸ್‌ಪೋರ್ಟಿನಂತೆ ದೇಶದಿಂದ ದೇಶಕ್ಕೆ ಬದಲಾಗುವುದು ನನಗೆ ಒಳ್ಳೆಯದಾಗಿ ಕಾಣುವುದಿಲ್ಲ.

ಭಾರತ–ಪಾಕಿಸ್ತಾನದ ನಡುವೆಯೂ ಇದೇ ಆಗಿದೆ. 2019ರ ಫೆಬ್ರವರಿಯಲ್ಲಿ ಮುಚ್ಚಿದ ಪಾಕಿಸ್ತಾನದ ಆಕಾಶ ಪೂರ್ತಿ ತೆರೆದದ್ದು ಜುಲೈ 16ಕ್ಕೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ಮತ್ತೆ ಆಕಾಶ ಮುಚ್ಚಿತು, ಕೆಲವೇ ದಿನದಲ್ಲಿ ಭಾರತವೂ ಅದನ್ನೇ ಮಾಡಿತು. ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೊರಟ ಭಾರತದ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಬಳಸಿ ಹೋಗಬೇಕಾಯಿತು. ಅಮೆರಿಕದ ಕೆಲವು ಹಾರಾಟಗಳು ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡವು. ಬೇರೆ ದೇಶದ ಕಂಪನಿಗಳಿಗೆ ಈ ನಿಷೇಧ ಇರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಇಸ್ರೇಲ್–ಇರಾನ್ ಸಂಘರ್ಷ ಬಂತು. ಯುರೋಪ್–ಏಷ್ಯಾ ನಡುವೆ ಉಳಿದಿದ್ದ ಓಣಿ ಇನ್ನಷ್ಟು ಕಿರಿದಾಯಿತು.

ಸುತ್ತಿ ಹೋಗುವುದು ಬೇಸರ ತರಿಸಿದರೂ ಅದನ್ನು ನಾನು ತಪ್ಪೆನ್ನಲಾರೆ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋದ ಕೊರಿಯನ್ ವಿಮಾನವನ್ನು ಹೊಡೆದುರುಳಿಸಿದಾಗ 269 ಜನ ಸತ್ತರು. 2014ರ ಜುಲೈ 17ರಂದು ಪೂರ್ವ ಉಕ್ರೇನಿನ ಮೇಲೆ ಮಲೇಷ್ಯಾದ ಎಂಎಚ್17ಕ್ಕೆ ಕ್ಷಿಪಣಿ ಬಡಿದು 298 ಜನ ಸತ್ತರು. ಅವತ್ತು ಆ ಎತ್ತರದಲ್ಲಿ ಆಕಾಶ ತೆರೆದೇ ಇತ್ತು.

ಯುದ್ಧವಿಲ್ಲದ ಕಡೆಯೂ ದಾರ ತೋರಿಸಿದಲ್ಲೆಲ್ಲ ಹೋಗಲಾಗುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯನ್ನು ಬಹುತೇಕ ವಿಮಾನಗಳು ಬಿಟ್ಟು ಹೋಗುತ್ತವೆ. ಒಳಗಿನ ಗಾಳಿಯ ಒತ್ತಡ ತಪ್ಪಿದರೆ ಹತ್ತು ಸಾವಿರ ಅಡಿಗೆ ಬೇಗ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ, ಮೇಲಿಂದ ಬೀಳುವ ಮುಖವಾಡದ ಆಮ್ಲಜನಕ ಸಾಮಾನ್ಯವಾಗಿ ಸುಮಾರು ಕಾಲು ಗಂಟೆಗಷ್ಟೇ. ಮಹಾಸಾಗರದ ಮೇಲೆ ಬೇರೆ ನಿಯಮ. ಎರಡು ಎಂಜಿನ್ನಿನ ವಿಮಾನ ಒಂದು ಕೆಟ್ಟರೂ ಇನ್ನೊಂದರಲ್ಲೇ ನಿಗದಿತ ಹೊತ್ತಿನೊಳಗೆ ಯಾವುದಾದರೂ ವಿಮಾನ ನಿಲ್ದಾಣ ಸೇರುವಂತಿರಬೇಕು.

ಟಿಕೆಟ್ಟಿನ ಮೇಲಿನ ಗಂಟೆಗಳ ಬಗ್ಗೆ ಒಂದು ಮಾತು. ಅದು ಹಾರಾಟದ ಹೊತ್ತಲ್ಲ. ಗೇಟ್ ಬಿಟ್ಟ ಕ್ಷಣದಿಂದ ಇನ್ನೊಂದು ಗೇಟ್ ಮುಟ್ಟುವವರೆಗಿನ ಹೊತ್ತು. ರನ್‌ವೇ ಕಡೆಗೆ ತೆವಳುವುದು, ಸಾಲಿನಲ್ಲಿ ಕಾಯುವುದು, ಇಳಿಯುವ ಮುನ್ನ ಸುತ್ತು ಹೊಡೆಯುವುದು ಎಲ್ಲ ಅದರೊಳಗೇ. ತಡವಾಯಿತು ಅನ್ನಿಸಿಕೊಳ್ಳಬಾರದು ಅಂತ ಕಂಪನಿಗಳು ಅದಕ್ಕೆ ಸ್ವಲ್ಪ ಹೆಚ್ಚುವರಿ ಹೊತ್ತನ್ನೂ ಸೇರಿಸಿರುತ್ತವೆ. ಆದ್ದರಿಂದ ಕಿಲೋಮೀಟರ್ ನೋಡಿ ಲೆಕ್ಕ ಹಾಕುವ ಬದಲು, ನೀವು ಹತ್ತುವ ಕಂಪನಿಯ ವೇಳಾಪಟ್ಟಿಯಲ್ಲೇ ಹೋಗುವ ಹೊತ್ತು, ಬರುವ ಹೊತ್ತು ಎರಡನ್ನೂ ಬೇರೆ ಬೇರೆ ನೋಡಿ. ಮುಂದಿನ ವಿಮಾನಕ್ಕೆ ಬದಲಾಯಿಸಬೇಕಿದ್ದರೆ ಅದೇ ಹಾರಾಟ ಹಿಂದಿನ ಒಂದೆರಡು ವಾರ ನಿಜವಾಗಿ ಎಷ್ಟು ಹೊತ್ತು ತೆಗೆದುಕೊಂಡಿತು ಅನ್ನುವುದನ್ನೂ ನೋಡಿ. ಟಿಕೆಟ್ಟಿನ ಹೊರಡುವ ಸಮಯ, ಇಳಿಯುವ ಸಮಯ ಆಯಾ ಊರಿನ ಗಡಿಯಾರದ್ದು ಅನ್ನುವುದು ನೆನಪಿರಲಿ. ಆಕ್ಲೆಂಡ್‌ನಿಂದ ಹೊರಟು ದಿನಾಂಕ ರೇಖೆ ದಾಟಿ ಲಾಸ್ ಏಂಜಲಿಸ್‌ನಲ್ಲಿ ಇಳಿದರೆ, ಹೊರಟ ಸಮಯಕ್ಕಿಂತ ಮೊದಲೇ ತಲುಪಿದ ಹಾಗೆ ಗಡಿಯಾರ ತೋರಿಸುತ್ತದೆ.

ವೇಗ ಹೆಚ್ಚಿಸಿ ಈ ಹೊತ್ತನ್ನು ಉಳಿಸಬಹುದಲ್ಲ? 1958ರಲ್ಲಿ ಬೋಯಿಂಗ್ 707 ಬಂದಾಗಿನಿಂದ ಪ್ರಯಾಣಿಕ ವಿಮಾನದ ವೇಗ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ಒಂದೇ ದೊಡ್ಡ ಅಪವಾದ, ಅದೂ 2003ರಲ್ಲಿ ನಿಂತಿತು. ಶಬ್ದದ ವೇಗಕ್ಕೆ ಹತ್ತಿರವಾದಂತೆ ಗಾಳಿಯ ತಡೆ ಏಕಾಏಕಿ ಏರುತ್ತದೆ, ಇಂಧನ ಸುರಿಯಬೇಕಾಗುತ್ತದೆ. ಹಾಗಾಗಿ ಕಂಪನಿಗಳು ವೇಗದ ಆಸೆ ಬಿಟ್ಟು, ಎಲ್ಲೂ ಇಳಿಯದೆ ಹೋಗುವ ದಾರಿ ಹಿಡಿದಿವೆ. ಸಿಂಗಾಪುರದಿಂದ ನ್ಯೂಯಾರ್ಕಿನ ಕೆನಡಿ ನಿಲ್ದಾಣಕ್ಕೆ 15,349 ಕಿ.ಮೀ., ಹದಿನೆಂಟು ಗಂಟೆಗೂ ಜಾಸ್ತಿ. ಅದಕ್ಕಾಗಿಯೇ ಮಾಡಿಸಿದ ಎ350 ವಿಮಾನದಲ್ಲಿ 1,65,000 ಲೀಟರ್ ಇಂಧನ ಹಿಡಿಯುತ್ತದೆ, ಸೀಟುಗಳು ಬರೀ 161. ಇಂಧನ ಹೊರುವುದಕ್ಕೇ ಇಂಧನ ಸುಡಬೇಕು, ಅದಕ್ಕೇ ಜನ ಕಡಿಮೆ.

ಇದಕ್ಕಿಂತ ಉದ್ದದ್ದು ಸಿಡ್ನಿ–ಲಂಡನ್, ಸುಮಾರು 17,000 ಕಿ.ಮೀ. 1947ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕಂಪನಿ ಕ್ವಾಂಟಾಸ್ ಇದನ್ನು ಶುರುಮಾಡಿದಾಗ ಆರು ಕಡೆ ಇಳಿದು ನಾಲ್ಕು ದಿನಕ್ಕೆ ಮುಟ್ಟುತ್ತಿತ್ತು. ಈಗ ಒಂದೇ ಹಾರಾಟದಲ್ಲಿ, ಇಪ್ಪತ್ತೆರಡು ಗಂಟೆಯವರೆಗೆ ಹಾರಬಲ್ಲ 238 ಸೀಟಿನ ಎ350ರಲ್ಲಿ ಹೋಗುವ ತಯಾರಿ ನಡೆದಿದೆ. ಯೋಜನೆಯ ಹೆಸರು ಪ್ರಾಜೆಕ್ಟ್ ಸನ್‌ರೈಸ್. ಆ ಹೆಸರಿನ ಮೂಲ ಎರಡನೇ ಮಹಾಯುದ್ಧದ ಕಾಲದ್ದು. 1943ರಿಂದ 1945ರವರೆಗೆ ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಪರ್ತ್‌ನಿಂದ ಸಿಲೋನಿನ ಕೊಗ್ಗಲ ಕೆರೆಗೆ ಎಲ್ಲೂ ನಿಲ್ಲದೆ ಹಾರುತ್ತಿದ್ದವು. ದೂರ ಸುಮಾರು 5,650 ಕಿ.ಮೀ. ಹೊತ್ತು 27ರಿಂದ 33 ಗಂಟೆ. ಕೂತವರು ದಾರಿಯಲ್ಲಿ ಎರಡು ಸೂರ್ಯೋದಯ ಕಾಣುತ್ತಿದ್ದರು, ಅದಕ್ಕೊಂದು ಪ್ರಮಾಣಪತ್ರವೂ ಸಿಗುತ್ತಿತ್ತು. ಅಷ್ಟು ಹೊತ್ತು ಎಂಜಿನ್ನಿನ ಗದ್ದಲದಲ್ಲಿ ಕೂರುತ್ತಿದ್ದ ಪ್ರಯಾಣಿಕರು ಒಂದು ಸಲಕ್ಕೆ ಮೂವರು ಮಾತ್ರ.